ಜಲಪಾತಗಳಲ್ಲಿ ಮಕ್ಕಳ ಸ್ನಾನ: ನಿಷೇಧಾಜ್ಞೆಯೊಂದೇ ಸಾಲದು

ಮಲೆನಾಡಿನಲ್ಲಿ ಮುಂಗಾರು ಹಿಡಿಯುವ ಕಾಲಕ್ಕೆ ಸರಿಯಾಗಿ ಪ್ರತಿವರ್ಷವೂ ಎರಡು ಬಗೆಯ ವಾರ್ತೆಗಳು ಪತ್ರಿಕಾ ಕಚೇರಿಗಳಿಗೆ ಬಂದು ಸೇರುತ್ತವೆ. ಯಾವುದೋ ಒಂದು ಅಬ್ಬಿಯ ಮಡುವಿನಲ್ಲಿ, ವಿಹಾರಾರ್ಥವಾಗಿ ಬಂದಿದ್ದ ಕುಟುಂಬದ ಮಗುವೊಂದು ನೀರುಪಾಲಾಯಿತೆಂಬುದು ಮೊದಲನೆಯದು. ಅದಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಜಲಪಾತಕ್ಕೆ ಸಾರ್ವಜನಿಕರ ಪ್ರವೇಶವನ್ನು ಮುಂದಿನ ಆಜ್ಞೆಯವರೆಗೆ ನಿಷೇಧಿಸಲಾಗಿದೆಯೆಂಬುದು ಎರಡನೆಯದು. ಮೊದಲನೆಯದನ್ನು ಓದಿ ವಾಚಕರು ಮರುಗುತ್ತಾರೆ. ಎರಡನೆಯದನ್ನು ಓದಿ, ಆಗಬೇಕಾದ ಕಾರ್ಯವು ಆಯಿತೆಂದು ಸಮಾಧಾನ ತಾಳುತ್ತಾರೆ. ಮಳೆಯು ಹಿಂದೆಗೆದ ಮೇಲೆ ಆಜ್ಞೆಯ ಕಾಗದವು ಮಾಸುತ್ತದೆ, ಅಡ್ಡ ಕಟ್ಟಿದ ಹಗ್ಗವು ಹರಿಯುತ್ತದೆ, ಜನರು ಅದೇ ಹಾಸುಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಮರುವರ್ಷ ಮೊದಲನೆಯ ವಾರ್ತೆಯು ಬೇರೊಂದು ಊರಿನ ಹೆಸರಿನಲ್ಲಿ ಮರಳಿ ಬರುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಬಂದ ವಿಪತ್ತೂ ಅಲ್ಲ. 2024ನೆಯ ಇಸವಿ ಜೂನ್ 30ರ ಭಾನುವಾರ ಮಹಾರಾಷ್ಟ್ರದ ಲೋಣಾವಳದಲ್ಲಿ, ಭೂಶಿ ಅಣೆಕಟ್ಟಿನ ಹಿಂಬದಿಯ ಜಲಪಾತದ ಹರಿವಿನಲ್ಲಿ ನಿಂತಿದ್ದ ಪುಣೆಯ ಕುಟುಂಬವೊಂದರ ಓರ್ವ ಮಹಿಳೆಯೂ ನಾಲ್ವರು ಮಕ್ಕಳೂ ಹಠಾತ್ತನೆ ಏರಿದ ನೀರಿನಲ್ಲಿ ಕೊಚ್ಚಿಹೋದರು. ಅವರು ಒಬ್ಬರನ್ನೊಬ್ಬರು ತಬ್ಬಿಕೊಂಡು ನಡುಹೊಳೆಯ ಬಂಡೆಯ ಮೇಲೆ ನಿಂತಿದ್ದ ಆ ಕೆಲವು ಕ್ಷಣಗಳ ಚಿತ್ರವನ್ನು ದೇಶವೆಲ್ಲವೂ ನೋಡಿತು. ದಡದಲ್ಲಿ ಜನರಿರಲಿಲ್ಲವೆಂದಲ್ಲ, ಇದ್ದರು. ಆದರೆ ಅವರು ಏನೊಂದನ್ನೂ ಮಾಡಲಾರದವರಾಗಿದ್ದರು. ಅದಕ್ಕೆ ಆರು ವಾರಗಳ ಹಿಂದೆ, ಮೇ 17ರಂದು, ತಮಿಳುನಾಡಿನ ಕುತ್ತಾಲದ ಹಳೆಯ ಜಲಪಾತದಲ್ಲಿ ಇದೇ ರೀತಿ ಬಂದೆರಗಿದ ಪ್ರವಾಹಕ್ಕೆ ಹದಿನೇಳು ವರ್ಷದ ಬಾಲಕನೊಬ್ಬನು ಬಲಿಯಾದನು. ನಮ್ಮಲ್ಲಿಯೇ 2023ನೆಯ ಜುಲೈ ತಿಂಗಳಲ್ಲಿ, ಕೊಲ್ಲೂರಿನ ಸಮೀಪದ ಅರಸಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿದ್ದ ತರುಣನು ಕಾಲು ಜಾರಿ ಬಿದ್ದನು. ಅವನ ದೇಹವು ದೊರೆಯಲು ಅನೇಕ ದಿನಗಳು ಹಿಡಿದವು.

ಜಲಪಾತಗಳದ್ದು ಒಂದು ಭಾಗವಷ್ಟೆ. ಕೆರೆ, ಬಾವಿ, ಹೊಳೆ, ಕಡಲುಗಳೆಲ್ಲವನ್ನೂ ಸೇರಿಸಿದರೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಮುಳುಗಿ ಸತ್ತವರ ಸಂಖ್ಯೆಯು 38,000ಕ್ಕೂ ಮೀರಿತ್ತೆಂದು ಕೇಂದ್ರ ಸರ್ಕಾರದ ಅಪರಾಧ ದಾಖಲೆಗಳ ಸಂಸ್ಥೆಯವರು ಪ್ರಕಟಿಸಿರುತ್ತಾರೆ. ಪ್ರಪಂಚದಲ್ಲಿ ಐದರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಮರಣಕ್ಕೆ ಮುಳುಗುವಿಕೆಯು ಮೂರನೆಯ ಪ್ರಮುಖ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯು ತನ್ನ 2024ರ ವರದಿಯಲ್ಲಿ ಹೇಳಿದೆ. ವ್ಯಾಧಿಯೊಂದು ಇಷ್ಟು ಮಕ್ಕಳನ್ನು ಕೊಂಡೊಯ್ದಿದ್ದರೆ ಊರೂರಿಗೆ ವೈದ್ಯರು ಹೊರಡುತ್ತಿದ್ದರು, ಶಾಸನಸಭೆಯಲ್ಲಿ ಪ್ರಶ್ನೆಗಳು ಏಳುತ್ತಿದ್ದವು. ನೀರು ಕೊಂಡೊಯ್ದರೆ ಮಾತ್ರ ಅದನ್ನು ವಿಧಿಯೆಂದು ಕರೆದು ಸುಮ್ಮನಾಗುವ ಅಭ್ಯಾಸವು ನಮಗೆ ಹೇಗೆ ಬಂದಿತೋ ತಿಳಿಯದು.

ಮಕ್ಕಳನ್ನು ಜಲಪಾತಕ್ಕೆ ಕರೆದೊಯ್ಯುವುದೇ ತಪ್ಪೆಂದು ಗದರುವವರುಂಟು. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಕೊಡಗಿನ ಇರ್ಪುವಿನಲ್ಲಿ ಲಕ್ಷ್ಮಣತೀರ್ಥದ ಧಾರೆಗೆ ತಲೆಯೊಡ್ಡುವುದಕ್ಕೆ ಶಿವರಾತ್ರಿಯ ದಿನ ಸಹಸ್ರಾರು ಜನರು ಮಕ್ಕಳುಮರಿಗಳೊಡನೆ ಬರುತ್ತಾರೆ. ಕೆಮ್ಮಣ್ಣುಗುಂಡಿಯ ಕೆಳಗಣ ಕಲ್ಲತ್ತಿಗಿರಿಯಲ್ಲಿ ವೀರಭದ್ರನ ಗುಡಿಯ ಎದುರಿಗೇ ನೀರು ಇಳಿಯುತ್ತದೆ. ಕಿಗ್ಗದ ಬಳಿಯ ಸಿರಿಮನೆ, ಯಲ್ಲಾಪುರದ ಸಾತೊಡ್ಡಿ ಮೊದಲಾದ ಕಡೆಗಳಲ್ಲಿ ಪಟ್ಟಣದ ಮಕ್ಕಳು ಮೊತ್ತಮೊದಲಿಗೆ ಹರಿಯುವ ನೀರನ್ನು ಮೈಮೇಲೆ ಬರಮಾಡಿಕೊಂಡು ಕಿರಿಚುತ್ತಾರೆ. ನಲ್ಲಿಯ ನೀರನ್ನಲ್ಲದೆ ಬೇರೆ ನೀರನ್ನು ಕಾಣದೆ ಬೆಳೆಯುವ ಈ ಮಕ್ಕಳಿಗೆ ಅದೊಂದು ವಿದ್ಯಾಭ್ಯಾಸವೇ ಸರಿ. ನದಿಗಳನ್ನು ಮಾತೆಯೆಂದು ಹಾಡುವ ಜನಾಂಗವು ತನ್ನ ಮಕ್ಕಳನ್ನು ಆ ಮಾತೆಯ ಸಮೀಪಕ್ಕೆ ಬಿಡಲು ಹೆದರುವಂತಾದರೆ, ಹಾಡಿಗೆ ಉಳಿಯುವ ಅರ್ಥವು ಅಲ್ಪವೇ. ಹೋಗಬೇಕೇ ಬೇಡವೇ ಎಂಬುದು ನಮ್ಮ ಪ್ರಶ್ನೆಯಲ್ಲ. ಹೋದವರು ಮನೆಗೆ ಹಿಂದಿರುಗುವಂತೆ ನೋಡಿಕೊಳ್ಳುವ ಹೊಣೆಯು ಯಾರದೆಂಬುದನ್ನೂ, ಅದನ್ನು ಹೊರುವ ಬಗೆಯು ಯಾವುದೆಂಬುದನ್ನೂ ಇಲ್ಲಿ ವಿಚಾರಿಸಲು ಉದ್ದೇಶಿಸಿರುತ್ತೇವೆ.

ಅದಕ್ಕೆ ಮೊದಲು ಈ ನೀರಿನ ಸ್ವಭಾವವನ್ನು ಅರಿಯುವುದು ಅವಶ್ಯ. ಜಲಪಾತದ ಬುಡದ ನೀರು ಕೆರೆಯ ನೀರಲ್ಲ, ಬಾವಿಯ ನೀರೂ ಅಲ್ಲ. ಬಾವಿಯಲ್ಲಿ ಚೆನ್ನಾಗಿ ಈಜಬಲ್ಲವನು ಇಲ್ಲಿ ಮೋಸಹೋಗುವುದು ಇದರಿಂದಲೇ. ಶರೀರವು ತೇಲುವುದು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದ ಬಲದಿಂದ. ಧಾರೆಯು ಬೀಳುವೆಡೆಯಲ್ಲಿ ಗಾಳಿಯು ಬೆರೆತು ನೀರು ನೊರೆಯಾಗಿರುತ್ತದೆ. ನೊರೆಗೆ ಆ ತೂಕವು ಕಡಮೆ. ಆದಕಾರಣ ಬೇರೆಡೆಯಲ್ಲಿ ತೇಲುವವನು ಅಲ್ಲಿ ಇಳಿದುಹೋಗುತ್ತಾನೆ. ಇದು ಸಾಲದೆಂಬಂತೆ, ಮೇಲಿನಿಂದ ಧುಮುಕಿದ ನೀರು ತಳವನ್ನು ಮುಟ್ಟಿ ಮುಂದೆ ಎದ್ದಾಗ ಅದರ ಒಂದು ಭಾಗವು ಮೇಲ್ಮೈಯಲ್ಲಿ ಹಿಂದಿರುಗಿ ಧಾರೆಯ ಬುಡಕ್ಕೇ ಬರುತ್ತದೆ. ಹೊರಕ್ಕೆ ಈಜುತ್ತಿರುವೆನೆಂದು ಭಾವಿಸಿದವನು ಒಳಕ್ಕೆ ಸೆಳೆಯಲ್ಪಡುತ್ತಿರುತ್ತಾನೆ. ನಮ್ಮ ಹಳ್ಳಿಗರು ಸುಳಿಯೆಂದು ಹೇಳುವ ಮಾತಿನಲ್ಲಿ ಇವೆಲ್ಲವೂ ಅಡಗಿವೆ. ಧಾರೆಯ ನೇರ ಕೆಳಗೆ ನಿಲ್ಲಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು: ನೀರಿನ ಜೊತೆಗೆ ಕಲ್ಲೂ ಮರದ ತುಂಡೂ ಇಳಿದು ಬರುತ್ತವೆ.

ಧಾರೆಯಿಂದ ದೂರವಿರುವ ಮಡುವು ಶಾಂತವಾಗಿ ಕಾಣುತ್ತದೆ. ತಳದ ಹರಳುಗಳು ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ಅಲ್ಲಿರುವುದು ಕಣ್ಣಿನ ವಂಚನೆ. ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ, ನಾಲ್ಕು ಅಡಿ ಆಳದ ತಿಳಿನೀರು ಮೇಲಿನಿಂದ ನೋಡುವವನಿಗೆ ಸುಮಾರು ಮೂರೇ ಅಡಿಯಾಗಿ ತೋರುತ್ತದೆ. ಮೂರೂವರೆ ಅಡಿ ಎತ್ತರದ ಆರು ವರ್ಷದ ಮಗುವಿನ ವಿಷಯದಲ್ಲಿ ಈ ಒಂದಡಿಯ ತಪ್ಪಿನ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಹೊಳೆಯ ತಳವು ಸಮತಟ್ಟಾಗಿಯೂ ಇರುವುದಿಲ್ಲ. ಮೇಕೆದಾಟುವಿನಲ್ಲಿ ಕಾವೇರಿಯು ಬಂಡೆಗಳನ್ನು ಕೊರೆದು ಮಾಡಿರುವ ಕುಳಿಗಳನ್ನು ನೋಡಿದವರಿಗೆ, ನೀರೂ ಉರುಳುವ ಕಲ್ಲೂ ಸೇರಿ ಎಂಥ ಹೊಂಡಗಳನ್ನು ತೋಡಬಲ್ಲವೆಂಬುದು ಗೊತ್ತು. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಹುಡುಗನು ಮುಂದಿನ ಹೆಜ್ಜೆಯಲ್ಲಿ ಕಾಣದೆ ಹೋಗುವುದು ಇಂತಹ ಕುಳಿಗಳಲ್ಲಿಯೇ. ಕಳೆದ ವರ್ಷ ಇಲ್ಲಿಯೇ ಇಳಿದಿದ್ದೆವು ಎಂಬ ಅನುಭವವೂ ನೆರವಿಗೆ ಬಾರದು. ಒಂದು ಮಳೆಗಾಲದ ಪ್ರವಾಹವು ಮರಳನ್ನೂ ಗುಂಡುಗಳನ್ನೂ ಸ್ಥಳಾಂತರಿಸಿ ತಳವನ್ನೇ ಬದಲಿಸಿಬಿಟ್ಟಿರುತ್ತದೆ.

ಎಲ್ಲಕ್ಕಿಂತಲೂ ಭಯಂಕರವಾದುದು ನೀರಿನ ಹಠಾತ್ ಏರಿಕೆ. ತಾವು ನಿಂತಿರುವಲ್ಲಿ ಬಿಸಿಲಿದೆಯೆಂಬುದರಿಂದ ಮೇಲಿನ ಘಟ್ಟದಲ್ಲಿ ಮಳೆಯಿಲ್ಲವೆಂದು ಅರ್ಥವಾಗುವುದಿಲ್ಲ. ಬೆಟ್ಟದ ಕಡಿದಾದ ಇಳಿಜಾರಿನಲ್ಲಿ ಸುರಿದ ಮಳೆಯೆಲ್ಲವೂ ಕಿರಿದಾದ ಒಂದೇ ಕಣಿವೆಗೆ ಕೂಡಿ ಬರಲು ಹೆಚ್ಚು ಹೊತ್ತು ಬೇಕಾಗದು. ಹರಿವಿನ ವೇಗವು ಇಮ್ಮಡಿಯಾದರೆ ಅದು ಕಾಲನ್ನು ತಳ್ಳುವ ಬಲವು ನಾಲ್ಮಡಿಯಾಗುತ್ತದೆ. ಆದುದರಿಂದ, ಈಗತಾನೆ ನಿಲ್ಲಲು ಸುಲಭವಾಗಿದ್ದ ಸ್ಥಳದಲ್ಲಿ ಕೆಲವು ನಿಮಿಷಗಳಲ್ಲಿಯೇ ಪ್ರಾಯದ ಗಂಡಸೂ ನಿಲ್ಲಲಾರನು. ತಿಳಿಯಾಗಿದ್ದ ನೀರು ಕೆಂಪಡರುವುದು, ತರಗೆಲೆ ಕಡ್ಡಿಗಳು ಒಮ್ಮೆಗೇ ತೇಲಿಬರುವುದು, ಭೋರ್ಗರೆತದ ಧ್ವನಿಯು ಬದಲಾಗುವುದು, ಇವು ಮುನ್ಸೂಚನೆಗಳು. ಇವುಗಳಲ್ಲಿ ಯಾವುದೊಂದು ಕಂಡರೂ ಬಟ್ಟೆಬರೆ ಬುತ್ತಿಗಳನ್ನು ಬಿಟ್ಟು ಮಕ್ಕಳನ್ನೆತ್ತಿಕೊಂಡು ಎತ್ತರದ ದಡವನ್ನು ಸೇರತಕ್ಕದ್ದು. ಇನ್ನು ಮೇಲೆ ಅಣೆಕಟ್ಟು ಇರುವ ಹೊಳೆಗಳ ಮಾತು ಬೇರೆ. ಅಲ್ಲಿ ಮೋಡಗಳನ್ನು ನೋಡಿದರೆ ಸಾಲದು, ತೂಬುಗಳನ್ನೂ ಗಮನಿಸಬೇಕು. ಕೃಷ್ಣರಾಜಸಾಗರದ ಕೆಳಗೆ ಬಲಮುರಿಯಲ್ಲಿ ಕಟ್ಟೆಯ ಮೇಲಿನಿಂದ ಇಳಿಯುವ ಕಾವೇರಿಯ ತೆಳುವಾದ ನೀರಿನಲ್ಲಿ ಮಕ್ಕಳೊಡನೆ ಕೂರುವ ಮೈಸೂರು ಮಂಡ್ಯಗಳ ಕುಟುಂಬಗಳು ಇದನ್ನು ಮರೆಯಬಾರದು.

ಮಕ್ಕಳ ಪಾಲಕರಿಗೆ ನಾವು ಹೇಳಬೇಕೆಂದಿರುವ ಒಂದು ವಿಷಯವು ಅನೇಕರಿಗೆ ಹೊಸತಾಗಿರಬಹುದು. ಮುಳುಗುತ್ತಿರುವ ಮಗುವು ಕೂಗುವುದಿಲ್ಲ. ಕೈ ಬೀಸಿ ರಕ್ಷಿಸಿರೆಂದು ಕರೆಯುವುದೆಲ್ಲ ಸಿನಿಮಾಗಳ ಕಲ್ಪನೆ. ಉಸಿರಿಗಾಗಿ ಬಾಯಿ ತೆರೆಯುವ ಜೀವಕ್ಕೆ ಕೂಗಲು ಉಸಿರು ಉಳಿದಿರುವುದಿಲ್ಲ. ತಲೆಯು ಹಿಂದಕ್ಕೆ ವಾಲಿ, ಬಾಯಿಯು ನೀರಿನ ಮಟ್ಟಕ್ಕೆ ಬಂದು, ಮೈಯು ನೆಟ್ಟಗೆ ನಿಂತು, ನೋಡುವವರಿಗೆ ಆಟವಾಡುತ್ತಿರುವಂತೆ ತೋರುತ್ತ, ಒಂದು ನಿಮಿಷ ತುಂಬುವುದರೊಳಗಾಗಿ ಮಗುವು ಕೆಳಗಿಳಿದಿರುತ್ತದೆ. ಹತ್ತು ಮಂದಿ ಹಿರಿಯರು ದಡದಲ್ಲಿ ಕುಳಿತು ಮಾತನಾಡುತ್ತಿರುವಾಗಲೇ ಇದು ನಡೆದುಹೋಗುತ್ತದೆ. ಹತ್ತು ಮಂದಿಯೂ ಮಿಕ್ಕ ಒಂಬತ್ತು ಮಂದಿ ನೋಡಿಕೊಳ್ಳುತ್ತಿದ್ದಾರೆಂದೇ ಭಾವಿಸಿರುತ್ತಾರೆ. ಇಂಥವರು ಈ ಹೊತ್ತು ಈ ಮಗುವಿನ ಮೇಲೆ ಕಣ್ಣಿಟ್ಟಿರಬೇಕೆಂದು ಹೆಸರು ಹಿಡಿದು ಗೊತ್ತುಮಾಡಬೇಕು. ಚಿಕ್ಕ ಮಗುವಾದರೆ ಅವರು ನೀರಿನಲ್ಲಿಯೇ, ಕೈ ಚಾಚಿದರೆ ಎಟುಕುವಷ್ಟು ಹತ್ತಿರದಲ್ಲಿ, ಹೊಳೆಯ ಇಳಿವಿನ ಪಕ್ಕದಲ್ಲಿ ನಿಂತಿರಬೇಕು. ಮೊಬೈಲ್ ಫೋನು ಚೀಲದಲ್ಲಿರಬೇಕು. ಮದ್ಯ ಸೇವಿಸಿದವನಿಗೆ ಈ ಕಾವಲನ್ನು ಒಪ್ಪಿಸಲೇಬಾರದು, ಅವನು ಮನೆಯ ಯಜಮಾನನಾಗಿದ್ದರೂ ಸರಿಯೆ. ಅಂಗಡಿಯಿಂದ ಕೊಂಡುತಂದ ಗಾಳಿ ತುಂಬಿದ ಬಳೆಯನ್ನು ನಂಬಿ ಮಗುವನ್ನು ಆಳಕ್ಕೆ ಬಿಡುವುದು ಅವಿವೇಕ. ಅದು ಕೈಯಿಂದ ಜಾರುತ್ತದೆ, ಸೆಳವಿನಲ್ಲಿ ಮಗುವಿನ ಸಮೇತ ಹೋಗಿಯೂಬಿಡುತ್ತದೆ. ಮೈಗೆ ಅಳತೆಯಾಗಿ ಕಟ್ಟಿದ ತೇಲುಕವಚವೊಂದೇ ನಂಬತಕ್ಕದ್ದು.

ಇನ್ನೊಂದು ಮಾತು. ಮುಳುಗುತ್ತಿರುವವನನ್ನು ಹಿಡಿಯಲು ಹಿಂದುಮುಂದು ನೋಡದೆ ಹಾರಿ ತಾವೂ ಮುಳುಗಿದ ತಂದೆತಾಯಿಗಳ, ಅಣ್ಣತಮ್ಮಂದಿರ ಸಂಖ್ಯೆಯು ಕಡಮೆಯದಲ್ಲ. ಒಂದು ಸಾವಿನ ವಾರ್ತೆಯು ಮೂರು ನಾಲ್ಕು ಸಾವುಗಳ ವಾರ್ತೆಯಾಗುವುದು ಹೀಗೆ. ಹಗ್ಗವನ್ನೋ ಗಳುವನ್ನೋ ಎಸೆಯಬೇಕು. ಇಲ್ಲವಾದರೆ ಪಂಚೆಯನ್ನೋ ಸೀರೆಯನ್ನೋ ಬಿಚ್ಚಿ ಎಸೆಯಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನು ಸಿಕ್ಕಿದರೆ ಅದೂ ಆಗಬಹುದು. ನೀರಿನಿಂದ ಎತ್ತಿದ ಮಗುವನ್ನು ಕಾಲು ಹಿಡಿದು ತಿರುಗಿಸುವುದು, ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವುದು, ಇವು ನಮ್ಮಲ್ಲಿ ಇಂದಿಗೂ ನಡೆದುಬಂದಿವೆ. ಇವುಗಳಿಂದ ಅಮೂಲ್ಯವಾದ ಕ್ಷಣಗಳು ವ್ಯರ್ಥವಾಗುವುದಲ್ಲದೆ, ಹೊಟ್ಟೆಯಲ್ಲಿದ್ದುದು ಶ್ವಾಸನಾಳಕ್ಕೆ ಸೇರುವ ಅಪಾಯವೂ ಉಂಟು. ಉಸಿರಾಟವು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಆ ಬಳಿಕ ಎದೆಯನ್ನು ಒತ್ತುವುದು, ಎರಡನ್ನೂ ನೆರವು ಬರುವವರೆಗೆ ಬಿಡದೆ ನಡೆಸುವುದು ವೈದ್ಯಶಾಸ್ತ್ರವು ಒಪ್ಪಿರುವ ಕ್ರಮ. ಅರ್ಧ ದಿನದ ಶಿಕ್ಷಣದಿಂದ ಯಾರು ಬೇಕಾದರೂ ಇದನ್ನು ಕಲಿಯಬಹುದು. ಚೇತರಿಸಿಕೊಂಡ ಮಗುವನ್ನೂ ಆಸ್ಪತ್ರೆಗೆ ತೋರಿಸದೆ ಮನೆಗೆ ಕೊಂಡೊಯ್ಯಬಾರದು.

ಪಾಲಕರ ಕರ್ತವ್ಯವನ್ನು ಇಷ್ಟು ನಿಷ್ಠುರವಾಗಿ ಹೇಳಿದ ಮೇಲೆ, ಆಳುವವರ ಕರ್ತವ್ಯವನ್ನು ಹೇಳುವುದಕ್ಕೆ ನಮಗೆ ಸಂಕೋಚವಿಲ್ಲ. ನಿಷೇಧಾಜ್ಞೆಯು ಇವರ ಕೈಗೆ ಅತ್ಯಂತ ಸುಲಭವಾಗಿ ಒದಗುವ ಆಯುಧವಾಗಿದೆ. ಪರಕೀಯರ ಕಾಲದಲ್ಲಿ ಸಭೆಗಳನ್ನೂ ಮೆರವಣಿಗೆಗಳನ್ನೂ ತಡೆಯುವುದಕ್ಕಾಗಿ ನೂರನಾಲ್ವತ್ತನಾಲ್ಕನೆಯ ವಿಧಿಯು ಹೇಗೆ ಬಳಕೆಯಾಯಿತೆಂಬುದನ್ನು ಈ ದೇಶವು ಮರೆತಿಲ್ಲ. ಆ ವಿಧಿಯು 2024ನೆಯ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ವಿಧಿಯೆಂಬ ಹೊಸ ಸಂಖ್ಯೆಯನ್ನು ಧರಿಸಿದೆ. ಅದರ ಸ್ವರೂಪದಲ್ಲಿ ಹೆಚ್ಚಿನ ಭೇದವೇನೂ ಆಗಿಲ್ಲ. ಪ್ರವಾಹದ ದಿನಗಳಲ್ಲಿ ಇಂತಹ ಆಜ್ಞೆಗಳು ಅವಶ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಜೋಗ, ಅಬ್ಬಿಗಳಂತಹ ಕಡೆಗಳಲ್ಲಿ ದೂರದಿಂದ ನೋಡಿ ತೃಪ್ತರಾಗಬೇಕಲ್ಲದೆ ನೀರಿಗಿಳಿಯುವ ಮಾತೇ ಇರಕೂಡದು. ಆದರೆ ವರ್ಷವಿಡೀ ಜನರು ಇಳಿಯುವ ಸ್ಥಳದಲ್ಲಿ ಒಂದು ಫಲಕವನ್ನು ನೆಟ್ಟು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯನನ್ನೂ ನಿಲ್ಲಿಸದೆ, ದುರಂತವು ನಡೆದಾಗ ಫಲಕವನ್ನು ತೋರಿಸುವುದು ಆಡಳಿತವೆನಿಸಲಾರದು. ಅದು ಆಡಳಿತಗಾರರ ರಕ್ಷಣೆಯಾದೀತು, ಮಕ್ಕಳದಲ್ಲ. ಇಂತಹ ಫಲಕಗಳಿಂದ ಇನ್ನೊಂದು ಕೇಡೂ ಇದೆ. ಅಪಾಯವಿರುವಲ್ಲಿಯೂ ಇಲ್ಲದಲ್ಲಿಯೂ, ಆಷಾಢದಲ್ಲಿಯೂ ಮಾಘದಲ್ಲಿಯೂ ಒಂದೇ ವಾಕ್ಯವು ಇರುವುದರಿಂದ ಜನರು ಅದನ್ನು ಓದುವುದನ್ನೇ ಬಿಟ್ಟಿದ್ದಾರೆ. ನಿಜವಾದ ಎಚ್ಚರಿಕೆಯನ್ನು ಕೊಡಬೇಕಾದ ದಿನ ಅದಕ್ಕೆ ಬೆಲೆಯಿರುವುದಿಲ್ಲ.

ಬೇರೆ ಮಾರ್ಗವಿಲ್ಲವೆ? ಕುತ್ತಾಲದ ಮುಖ್ಯ ಜಲಪಾತದಲ್ಲಿ ತಲೆಮಾರುಗಳಿಂದ ಜನರು ಸ್ನಾನ ಮಾಡುತ್ತಿದ್ದಾರೆ. ಅಲ್ಲಿ ಹಿಡಿದು ನಿಲ್ಲಲು ಕಂಬಿಗಳುಂಟು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಜಾಗಗಳುಂಟು. ಬಂಡೆಯ ಮುಂದಿನ ಕಮಾನನ್ನು ಮೀರಿ ನೀರು ಬಿದ್ದರೆ ಪೋಲೀಸರು ಸ್ನಾನವನ್ನು ನಿಲ್ಲಿಸುತ್ತಾರೆ. ನೀರು ತಗ್ಗಿದರೆ ಮತ್ತೆ ಬಿಡುತ್ತಾರೆ. ನಿಷೇಧವು ಅಲ್ಲಿ ಪಂಚಾಂಗವನ್ನು ಅನುಸರಿಸದೆ ನೀರನ್ನು ಅನುಸರಿಸುತ್ತದೆ. ಆ ಊರಿನಲ್ಲಿಯೂ 2024ರ ಮೇ ತಿಂಗಳ ಅನಾಹುತವು ನಡೆಯಲಿಲ್ಲವೆ ಎಂದು ಕೇಳಬಹುದು. ನಡೆಯಿತು. ಕೆಳಗೆ ಕಾವಲಿದ್ದರೆ ಸಾಲದು, ಮೇಲಿನ ಕಾಡಿನಲ್ಲಿ ಸುರಿಯುವ ಮಳೆಯ ವರ್ತಮಾನವು ಕೆಳಗಿನ ಕಾವಲುಗಾರನಿಗೆ ನೀರಿಗಿಂತ ಮೊದಲು ತಲುಪಬೇಕೆಂಬುದನ್ನು ಆ ದುರಂತವು ತೋರಿಸಿಕೊಟ್ಟಿತು. ಮಳೆಯನ್ನಳೆಯುವ ಯಂತ್ರಗಳೂ ನಿಸ್ತಂತು ವಾರ್ತಾಸಾಧನಗಳೂ ಅಗ್ಗವಾಗಿರುವ ಈ ಕಾಲದಲ್ಲಿ ಇದು ಅಸಾಧ್ಯವಾದ ಕಾರ್ಯವಲ್ಲ.

ನಮ್ಮ ಸಲಹೆಯು ಸರಳವಾದುದು. ಯಾವುದೇ ಜಲಪಾತದಲ್ಲಿ ದುರಂತವು ನಡೆದಾಗ ಪೋಲೀಸರೂ ಅಗ್ನಿಶಾಮಕ ದಳದವರೂ ಮೊಟ್ಟಮೊದಲು ಹುಡುಕುವುದು ಆ ಊರಿನ ಈಜುಗಾರನನ್ನು. ಆ ಮಡುವಿನ ಪ್ರತಿಯೊಂದು ಕುಳಿಯನ್ನೂ, ಸೆಳವು ತಿರುಗುವ ಪ್ರತಿಯೊಂದು ಬಂಡೆಯನ್ನೂ ಬಲ್ಲವನು ಅವನೊಬ್ಬನೆ. ಬೆಸ್ತರವನೋ, ತೆಪ್ಪ ನಡೆಸುವವನೋ, ಎಮ್ಮೆ ಕಾಯುತ್ತ ಆ ಹೊಳೆಯಲ್ಲಿಯೇ ಬೆಳೆದವನೋ ಆಗಿರುವ ಅವನು ತನ್ನ ಜೀವವನ್ನು ಪಣವಾಗಿಟ್ಟು ಮುಳುಗಿ ಶವವನ್ನು ತರುತ್ತಾನೆ. ಅವನಿಗೊಂದು ಪುಡಿಗಾಸು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಶವವನ್ನೆತ್ತುವುದಕ್ಕೆ ಕರೆಯಬಹುದಾದವನನ್ನು ಒಂದು ದಿನ ಮೊದಲು ಕರೆದು, ಸಂಬಳವನ್ನು ಗೊತ್ತುಮಾಡಿ, ಹಗ್ಗ, ತೇಲುಬಳೆ, ಸೀಟಿಗಳನ್ನು ಕೊಟ್ಟು, ಪ್ರಥಮ ಚಿಕಿತ್ಸೆಯನ್ನು ಕಲಿಸಿ, ಜನರನ್ನು ನೀರಿನಿಂದ ಹೊರಗೆ ಕಳುಹಿಸುವ ಅಧಿಕಾರವನ್ನಿತ್ತು ಅದೇ ದಡದಲ್ಲಿ ನಿಲ್ಲಿಸುವುದಕ್ಕೆ ಅಡ್ಡಿಯೇನು? ಅವನು ಬೆಳಿಗ್ಗೆ ಮಡುವನ್ನು ಅಳೆದು, ಮಕ್ಕಳು ಇಳಿಯಬಹುದಾದ ಮೇರೆಯನ್ನು ತೇಲುಹಗ್ಗದಿಂದ ಗುರುತಿಸಲಿ. ನೀರು ಕೆಂಪಾದೊಡನೆ ಸೀಟಿ ಊದಲಿ. ಸಂಜೆಯಾದೊಡನೆ ಎಲ್ಲರನ್ನೂ ಕಳುಹಿಸಲಿ.

ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪಲಾರೆವು. ಹೆಸರಾದ ಜಲಪಾತಗಳಲ್ಲಿ ಬಹುಪಾಲಿನ ಬಾಗಿಲಲ್ಲಿ ಪ್ರವೇಶಶುಲ್ಕವನ್ನೂ ವಾಹನಶುಲ್ಕವನ್ನೂ ವಸೂಲು ಮಾಡುತ್ತಾರೆ. ಚೀಟಿ ಹರಿಯುವುದಕ್ಕೆ ಒಬ್ಬನಿರುವಲ್ಲಿ ಮಡುವನ್ನು ಕಾಯುವುದಕ್ಕೆ ಒಬ್ಬನಿರಬಾರದೆ? ಅರಣ್ಯ ಇಲಾಖೆಯವರ ಆಕ್ಷೇಪಣೆಯು ಇದಕ್ಕಿಂತ ತೂಕವುಳ್ಳದ್ದು. ಅಭಯಾರಣ್ಯಗಳು ವನ್ಯಮೃಗಗಳಿಗಾಗಿ ಇರುವುವೇ ಹೊರತು ಸ್ನಾನಾರ್ಥಿಗಳಿಗಾಗಿ ಅಲ್ಲವೆಂದೂ, ಕಾವಲನ್ನು ಏರ್ಪಡಿಸಿದರೆ ಜನಸಂದಣಿಯು ಇನ್ನೂ ಹೆಚ್ಚುವುದೆಂದೂ ಅವರು ಹೇಳಬಹುದು. ಮೊದಲನೆಯ ಮಾತು ನಿಜ. ಕಾಡಿನ ಹೃದಯದಲ್ಲಿರುವ ಜಲಪಾತಗಳನ್ನು ಅವರು ಮುಚ್ಚುವುದಾದರೆ ನಿಜವಾಗಿಯೂ ಮುಚ್ಚಲಿ, ಕಾವಲು ಹಾಕಿ ಮುಚ್ಚಲಿ, ನಮ್ಮ ಬೆಂಬಲವಿರುವುದು. ಆದರೆ ಶುಲ್ಕವನ್ನು ತೆಗೆದುಕೊಂಡು ಒಳಕ್ಕೆ ಬಿಟ್ಟು, ಒಳಗಿನ ನೀರಿಗೆ ನಾವು ಹೊಣೆಯಲ್ಲವೆಂದು ಫಲಕದಲ್ಲಿ ಬರೆಯುವುದು ಯಾವ ನ್ಯಾಯಕ್ಕೂ ಸಲ್ಲದು.

ಇಷ್ಟಾದರೂ ವ್ಯಾಧಿಯ ಬೇರು ಇನ್ನೊಂದು ಕಡೆಯಲ್ಲಿದೆ. ನಮ್ಮ ಜನರಿಗೆ ಈಜು ಬಾರದು. ಎರಡು ತಲೆಮಾರುಗಳ ಹಿಂದೆ, ಹಳ್ಳಿಯ ಹುಡುಗನು ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ದಡದಲ್ಲಿ ಸೋದರಮಾವನು ಹಗ್ಗವನ್ನು ಹಿಡಿದಿರುವಾಗ ತೋಟದ ಬಾವಿಗೆ ಧುಮುಕಿ ಈಜು ಕಲಿಯುತ್ತಿದ್ದನು. ಇಂದು ಆ ತೆರೆದ ಬಾವಿಗಳು ಬತ್ತಿವೆ ಅಥವಾ ಮುಚ್ಚಿಹೋಗಿವೆ; ಅವುಗಳ ಸ್ಥಾನದಲ್ಲಿ ಕೊಳವೆಬಾವಿಗಳು ಬಂದಿವೆ. ಪಟ್ಟಣಗಳ ಕೆರೆಗಳ ಗತಿಯೇನಾಯಿತೆಂಬುದಕ್ಕೆ ಬೆಂಗಳೂರೇ ಸಾಕ್ಷಿ: ಧರ್ಮಾಂಬುಧಿ ಕೆರೆಯು ಬಸ್ಸುಗಳ ನಿಲ್ದಾಣವಾಯಿತು, ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು. ಆ ಕ್ರೀಡಾಂಗಣದಲ್ಲಿ ಓಡುವುದನ್ನು ಕಲಿಯುವ ಬಾಲಕರಲ್ಲಿ ಎಷ್ಟು ಮಂದಿಗೆ ಅದರ ಕೆಳಗೆ ಹೂತುಹೋದ ಕೆರೆಯನ್ನು ಈಜಿ ದಾಟುವ ಶಕ್ತಿಯಿದ್ದೀತು? ಹೆಣ್ಣುಮಕ್ಕಳ ವಿಷಯವು ಇನ್ನೂ ಶೋಚನೀಯವಾಗಿದೆ. ಗಂಡುಹುಡುಗರು ಬಾವಿಗೆ ಹಾರುತ್ತಿದ್ದ ಕಾಲದಲ್ಲಿಯೂ ಹೆಣ್ಣುಮಗಳಿಗೆ ಈಜು ಕಲಿಸುವುದು ಅಪರೂಪವಾಗಿತ್ತು. ಅದರ ಫಲವಾಗಿ, ಇಂದು ಜಲಪಾತದ ದಡದಲ್ಲಿ ಮಕ್ಕಳ ಕಾವಲಿಗೆ ನಿಲ್ಲುವ ತಾಯಿಗೇ ನೀರೆಂದರೆ ಪರದೇಶ. ನೆನೆದು ಕಾಲಿಗೆ ಸುತ್ತಿಕೊಳ್ಳುವ ಉಡುಪಿನಲ್ಲಿ ಅವಳು ಮಗುವಿನ ಹಿಂದೆ ನೀರಿಗಿಳಿದರೆ ಇಬ್ಬರೂ ಹಿಂದಿರುಗುವ ಭರವಸೆಯಿಲ್ಲ.

ನೆರೆಯ ಬಾಂಗ್ಲಾದೇಶವು ನಮಗಿಂತ ಸಿರಿವಂತವಾದ ದೇಶವಲ್ಲ. ಅಲ್ಲಿ ಊರ ಕೊಳದೊಳಗೆ ಬಿದಿರಿನ ಅಟ್ಟವನ್ನು ಕಟ್ಟಿ, ಅದರ ಮೇರೆಯೊಳಗೆ ಹಳ್ಳಿಯ ಮಕ್ಕಳಿಗೆ ಈಜನ್ನೂ, ಮುಳುಗುವವರನ್ನು ದಡದಿಂದಲೇ ರಕ್ಷಿಸುವ ಬಗೆಯನ್ನೂ ಕಲಿಸುವ ಕಾರ್ಯವು ಲಕ್ಷಾಂತರ ಮಕ್ಕಳನ್ನು ಮುಟ್ಟಿದೆ. ಅಮೃತಶಿಲೆಯ ಈಜುಕೊಳಗಳಿಗಾಗಿ ಕಾಯುತ್ತ ಕುಳಿತಿದ್ದರೆ ಅವರಿಂದ ಅದು ಆಗುತ್ತಿರಲಿಲ್ಲ. ಕೇಂದ್ರದ ಆರೋಗ್ಯ ಶಾಖೆಯವರು 2023ರ ಡಿಸೆಂಬರಿನಲ್ಲಿ ಮುಳುಗುವಿಕೆಯ ನಿವಾರಣೆಗಾಗಿ ಒಂದು ಕಾರ್ಯನೀತಿಯನ್ನು ಪ್ರಕಟಿಸಿದರು. ಕಾಗದವು ದಿಲ್ಲಿಯಿಂದ ತಾಲ್ಲೂಕಿಗೆ ಇಳಿಯುವ ವೇಗವು ಘಟ್ಟದಿಂದ ನೀರಿಳಿಯುವ ವೇಗದಂತಿದ್ದರೆ ನಾವು ಇದನ್ನು ಬರೆಯಬೇಕಾಗುತ್ತಿರಲಿಲ್ಲ. ಕೆರೆ, ಕಲ್ಯಾಣಿಗಳನ್ನು ಹೂಳೆತ್ತಿ ಜೀರ್ಣೋದ್ಧಾರ ಮಾಡುವ ಕಾರ್ಯಗಳು ನಮ್ಮ ನಾಡಿನಲ್ಲಿ ಆಗಾಗ್ಗೆ ನಡೆಯುತ್ತಿವೆ. ಅವುಗಳಲ್ಲಿ ತಾಲ್ಲೂಕಿಗೊಂದನ್ನಾದರೂ ಮೇರೆ ಕಟ್ಟಿ, ಆಳವನ್ನು ಗೊತ್ತುಪಡಿಸಿ, ಮೇಲೆ ಹೇಳಿದ ಊರ ಈಜುಗಾರರನ್ನೇ ಗುರುಗಳನ್ನಾಗಿ ನೇಮಿಸಿ, ಗಂಡುಹೆಣ್ಣೆಂಬ ಭೇದವಿಲ್ಲದೆ ಆರು ವರ್ಷ ಮೇಲ್ಪಟ್ಟ ಶಾಲಾಮಕ್ಕಳಿಗೆ ಈಜನ್ನು ಕಲಿಸಬಹುದು. ಹೀಗೆ ಕಲಿತ ಮಗುವೂ ಜಲಪಾತದ ಸುಳಿಯನ್ನು ಗೆಲ್ಲುವುದೆಂದು ನಾವು ಹೇಳುತ್ತಿಲ್ಲ. ಗಾಬರಿಯಾಗದೆ ಮೇಲ್ಮುಖವಾಗಿ ತೇಲುವುದನ್ನೂ, ಯಾವ ನೀರಿಗೆ ಇಳಿಯಬಾರದೆಂಬುದನ್ನೂ ಅದು ಬಲ್ಲದು.

ಶಾಲೆಗಳ ಪ್ರವಾಸಗಳ ಬಗ್ಗೆ ಒಂದೆರಡು ಮಾತುಗಳನ್ನು ಸೇರಿಸಬೇಕಾಗಿದೆ. 2024ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯಿಂದ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ವಿದ್ಯಾರ್ಥಿನಿಯರಲ್ಲಿ ನಾಲ್ವರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದು ಜಲಪಾತವಲ್ಲ, ನಿಜ; ಆದರೆ ಬಯಲುಸೀಮೆಯ ಮಕ್ಕಳು ಮೊದಲ ಬಾರಿಗೆ ದೊಡ್ಡ ನೀರನ್ನು ಕಂಡು ಉತ್ಸಾಹದಿಂದ ಓಡುವ ಪರಿಯು ಎರಡೆಡೆಗಳಲ್ಲಿಯೂ ಒಂದೆ. ನೂರು ಮಕ್ಕಳ ಹಿಂದೆ ಈಜು ಬಾರದ ನಾಲ್ಕೈದು ಮಂದಿ ಉಪಾಧ್ಯಾಯರನ್ನು ಕಳುಹಿಸಿ, ಅನಾಹುತವಾದ ಮೇಲೆ ಅವರ ಮೇಲೆ ಮೊಕದ್ದಮೆ ಹೂಡಿದರೆ ಮುಂದಿನ ತಂಡದ ಮಕ್ಕಳಿಗೆ ಬಂದ ರಕ್ಷಣೆಯೇನು? ಪ್ರವಾಸಕ್ಕೆ ಅನುಮತಿಯನ್ನು ಕೊಡುವ ವಿದ್ಯಾ ಇಲಾಖೆಯ ಅಧಿಕಾರಿಯು, ನೀರಿನ ಸ್ಥಳವು ಪಟ್ಟಿಯಲ್ಲಿದ್ದರೆ ಅಲ್ಲಿ ಕಾವಲುಗಾರನಿರುವನೇ ಎಂಬುದನ್ನು ಮೊದಲು ಕೇಳಿ ತಿಳಿದು, ಆಮೇಲೆ ರುಜು ಹಾಕಬೇಕು.

ಜುಲೈ 25ನ್ನು ಮುಳುಗುವಿಕೆಯ ನಿವಾರಣೆಯ ದಿನವಾಗಿ ಆಚರಿಸಬೇಕೆಂದು ವಿಶ್ವಸಂಸ್ಥೆಯು 2021ರಲ್ಲಿ ನಿರ್ಣಯಿಸಿದೆ. ನಮ್ಮ ಹೊಳೆಗಳು ತುಂಬಿ ಹರಿಯುವ ತಿಂಗಳೂ ಅದೇ. ಅಂದು ಭಾಷಣಗಳನ್ನು ಏರ್ಪಡಿಸುವುದಕ್ಕೆ ಬದಲಾಗಿ, ಮಲೆನಾಡು ಕರಾವಳಿಗಳ ಜಿಲ್ಲಾಧಿಕಾರಿಗಳವರು ತಂತಮ್ಮ ಜಿಲ್ಲೆಯ ಜಲಪಾತಗಳ ಪಟ್ಟಿಯೊಂದನ್ನು ಪ್ರಕಟಿಸಬೇಕೆಂದು ಸೂಚಿಸುತ್ತೇವೆ. ನೋಡಲು ಮಾತ್ರ ತಕ್ಕವು ಯಾವುವು, ಕಾವಲಿನೊಡನೆ ಮಕ್ಕಳು ಇಳಿಯಬಹುದಾದವು ಯಾವುವು, ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ಇಳಿಯಬಹುದು, ಪ್ರತಿಯೊಂದು ಮಡುವಿನ ಕಾವಲುಗಾರನ ಹೆಸರೇನು ಎಂಬ ವಿವರಗಳು ಅದರಲ್ಲಿರಲಿ. ಕಾವಲುಗಾರನ ಹೆಸರಿನ ಮುಂದೆ ಖಾಲಿ ಬಿಟ್ಟಿರುವ ಜಲಪಾತಗಳು ಎಷ್ಟೆಂಬುದು ಜನರಿಗೆ ತಾನಾಗಿಯೇ ತಿಳಿಯುವುದು. ಅಂತಹ ಪಟ್ಟಿಯು ನಮ್ಮ ಕೈಸೇರಿದ ಮರುದಿನವೇ ಅದನ್ನು ಖರ್ಚಿಲ್ಲದೆ ಇದೇ ಪುಟದಲ್ಲಿ ಅಚ್ಚು ಹಾಕಲು ಸಿದ್ಧರಾಗಿದ್ದೇವೆ.